ಭಾವನ ರಾಕೆಟ್ಟಿಗೊಂದು ಜೆಟ್ ನೂಕು

ನಮ್ಮ ಭಾವ ಎದುರಾದರೆ ಜನ ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ. ಎರಡೂ ಹುಬ್ಬು ಇವೆಯೇ ಎಂದು ನೋಡುತ್ತಿದ್ದರು! ಇದ್ದರೆ ಇತ್ತೀಚೆಗೆ ಪ್ರಯೋಗ ನಡೆದಿಲ್ಲ, ಮುಂಬಯಿಯ ನಮ್ಮ ಭಾಂಡುಪ್ ಬಡಾವಣೆ ಸುರಕ್ಷಿತ ಎಂದರ್ಥ.

ಎಂಬತ್ತರ ದಶಕದ ಕೊನೆ. ಧಾರವಾಡದಿಂದ ಬಂದು ಕಾರ್ಖಾನೆಯೊಂದರಲ್ಲಿದ್ದ ಭಾವನಿಗೆ ರಾಕೆಟ್ ಹಾರಿಸುವ ಹುಚ್ಚು. ದೀಪಾವಳಿಯದಲ್ಲ, ಆಳೆತ್ತರದ್ದು! ಆದರೆ ಅವರ ರಾಕೆಟ್ಟುಗಳೆಲ್ಲ ನೆಲ ಬಿಡುವುದರೊಳಗೇ ಮದ್ದು ಮುಗಿಸಿ ಮಲಗಿಬಿಡುತ್ತಿದ್ದವು. ಅದಕ್ಕೊಂದು ಹೊಸ ಉಪಾಯ ಹೊಳೆಯಿತು. ಓರೆ ಹಳಿಯ ಮೇಲೊಂದು ಗಾಡಿ, ಗಾಡಿಗೆ ಪುಟ್ಟ ಜೆಟ್ ಟರ್ಬೈನು, ಅದರ ಮುಂದೆ ರಾಕೆಟ್ಟು.

"ಮೊದಲನೇ ನೂಕು ಟರ್ಬೈನ್ ಕೊಡತದ. ಆಮ್ಯಾಲೆ ರಾಕೆಟ್ಟು ತನ್ನ ಮದ್ದಿನ ಮ್ಯಾಲೆ ಹೋಗತದ. ತಿಳೀತಿಲ್ಲೋ?"

ನನಗೆ ತಿಳಿದದ್ದು ಇಷ್ಟೇ: ಇನ್ನು ಮೇಲೆ ಸಿಡಿಯುವ ವಸ್ತು ಒಂದಲ್ಲ, ಎರಡು!

ಬೈಕುಲ್ಲಾದ ಗುಜರಿಯಲ್ಲಿ ಲಾರಿಯೊಂದರ ಹಳೆಯ ಟರ್ಬೊ, ಎಂದರೆ ಇಂಜನ್ನಿಗೆ ಗಾಳಿ ನೂಕುವ ಚಕ್ರ, ಸಿಕ್ಕಿತು. ಅದನ್ನೇ ಜೆಟ್ ಮಾಡುವುದಂತೆ! ಭಾವ ಅದನ್ನು ಮಗುವಿನಂತೆ ಎದೆಗವಚಿಕೊಂಡು ನನ್ನೊಡನೆ ಲೋಕಲ್ ರೈಲು ಹತ್ತಿದರು. ಪಕ್ಕದವನು, "ಯೆ ಕ್ಯಾ ಹೈ ಭಾಯಿಸಾಬ್?" ಅಂದ. ಭಾವ ಸುಳ್ಳಾಡುವವರೇ? "ಜೆಟ್ ಇಂಜನ್." ಸಂಜೆಯ ಆ ಗದ್ದಲದಲ್ಲಿ ನಮ್ಮಿಬ್ಬರಿಗೂ ಕೂರಲು ಜಾಗ ಸಿಕ್ಕಿತು!

ಮೊದಲ ಪರೀಕ್ಷೆ ಬಿಲ್ಡಿಂಗಿನ ಟೆರೇಸಿನ ಮೇಲೆ. ಇಂಧನ ಅಕ್ಕನ ಅಡುಗೆಮನೆಯ ಸಿಲಿಂಡರು. ಸಣ್ಣ ಸಿಳ್ಳೆಯಾಗಿ ಶುರುವಾದದ್ದು ಹಲ್ಲು ಜುಮ್ಮೆನ್ನುವ ಊಳಾಯಿತು. ಕೆಳಮನೆಯ ಕಾಕೂ, ವಿಮಾನ ಬಿತ್ತೇ ಎಂದು ಅಳುತ್ತ ಓಡಿಬಂದರು. "ನಾಹೀ ಕಾಕೂ, ಅಜೂನ್ ಉಡಾಲಂಚ್ ನಾಹೀ," ಇನ್ನೂ ಹಾರಿಯೇ ಇಲ್ಲ, ಎಂದು ಭಾವ ಸಮಾಧಾನ ಹೇಳಿದರು!

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಇವರು ಒಂದಿನ ಹೊಗಿ ಆಗಿ ಹೋಗ್ತಾರ ನೋಡು. ನೀನರ ಹೇಳೋ."

ಭಾನುವಾರ ಬೆಳಿಗ್ಗೆ ಭಾಂಡುಪಿನಾಚೆ ಉಪ್ಪಿನ ಗದ್ದೆಗಳ ಬಯಲಿಗೆ ಹೋದೆವು. ಅಕ್ಕನೂ ಹಟ ಹಿಡಿದು ಬಂದಳು. "ಏನರ ಆದ್ರ ಮಂದಿ ಬಾಯಿಂದ ಕೇಳಂಗಿಲ್ಲ ನಾ." ಅಕ್ಕನೂ ನಾನೂ ಬದುವಿನ ಹಿಂದೆ ನಿಂತೆವು. ಟರ್ಬೈನು ಊಳಿಟ್ಟಿತು. ಗಾಡಿ ನಡುಗುತ್ತ ಹೊರಟಿತು. ಅಷ್ಟರಲ್ಲಿ ಹಳಿಯ ಒಂದು ಕಾಲು ಕೆಸರಿನಲ್ಲಿ ಹೂತು, ರಾಕೆಟ್ಟಿನ ಮೂತಿ ನಮ್ಮ ಕಡೆಗೇ ತಿರುಗಿತು! ಅದರ ಬಾಲಕ್ಕೆ ಆಗಲೇ ಬೆಂಕಿ ಹತ್ತಿತ್ತು.

"ಮಲಕೋರಿ!" ಭಾವ ಕಿರುಚಿದರು. ನಾನು ಬಿದ್ದೆ. ಅಕ್ಕ ಕಲ್ಲಾಗಿ ನಿಂತೇ ಇದ್ದಳು. ಭಾವ ಓಡಿಬಂದು ಅವಳನ್ನು ಕೆಡವಿ ಮೇಲೆ ಬಿದ್ದರು. ಬೆನ್ನ ಮೇಲೊಂದು ಬಿಸಿಗಾಳಿ ಹಾಯಿತು. ಹಿಂದೆಲ್ಲೋ ಢಮ್! ನಮ್ಮ ಮೇಲೆಲ್ಲ ಉಪ್ಪುನೀರು ಸುರಿಯಿತು.

ಅಷ್ಟು ವರ್ಷದ ಸಂಸಾರದಲ್ಲಿ ಭಾವ ಅಕ್ಕನನ್ನು "ಏ, ಕೇಳಿಲ್ಲೆ" ಎಂದಲ್ಲದೆ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಈಗ ಕೆಸರು ಮೆತ್ತಿದ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೂಗುತ್ತಿದ್ದರು. "ಸುಮಿತ್ರಾ! ಸುಮೀ! ಕೇಳಸ್ತದಿಲ್ಲೋ? ಸುಮೀ!" ದನಿ ಒಡೆಯಿತು. ಅಕ್ಕನ ಕಣ್ಣು ಮುಚ್ಚಿಯೇ ಇದ್ದವು. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಾಗ ಭಾವ ಕೆಸರಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಸ್ಟೇಶನ್ನಿನ ದಾರಿಯಲ್ಲಿ ಭಾವ ಮುಂದೆ ನಡೆಯುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ: "ಅಕ್ಕಾ, ಕಿವಿಗೆ ಭಾಳ ಪೆಟ್ಟಾತೇನು? ಅಷ್ಟು ಕರದ್ರೂ ಕೇಳ್ಸಲಿಲ್ಲ?"

"ಮೊದಲನೇ ಸಲಾನ ಕೇಳ್ಸಿತ್ತೋ," ಎಂದಳು ಅಕ್ಕ. "ಇನ್ನೊಮ್ಮೆ ಕರೀಲಿ ಅಂತ ಸುಮ್ಮನಿದ್ದೆ."