ಮಾಂಯ್ ಬೈಯದ ವರ್ಷ

ದೇವರಿಗೆ ಮಾತು ಕೊಟ್ಟವರ ಮನೆಯಲ್ಲಿ ನಗುವಿಗೆ ಬರಗಾಲ ಬರುವುದಿಲ್ಲ. ಕೊಡುವಾಗ ನಾವು ಅಳುತ್ತಾ ಕೊಡುತ್ತೇವೆ, ಅದನ್ನು ನಡೆಸಿಕೊಡುವಾಗ ಊರೆಲ್ಲ ನಗುತ್ತದೆ. ನನಗೆ ಹೀಗೆ ಒಂದು ಸಲ ಅಲ್ಲ, ಪೂರಾ ಒಂದು ವರ್ಷ ಆಯಿತು!

ನಾನು ಸಂತೆಕಟ್ಟೆಯ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಗಂಡ ದೋಹಾದಲ್ಲಿ. ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ನಮ್ಮ ಕೊಂಕಣಿಯಲ್ಲಿ ಅತ್ತೆಯನ್ನು ಮಾಂಯ್ ಎಂದು, ಚರ್ಚನ್ನು ಇಗರ್ಜಿ ಎಂದು ಕರೆಯುವುದು. ನಮ್ಮ ಮಾಂಯ್‌ಯ ಬಾಯಿ ಇಗರ್ಜಿಯ ಬೆಳಗಿನ ಗಂಟೆಗಿಂತ ಐದು ನಿಮಿಷ ಮೊದಲೇ ಶುರುವಾಗುತ್ತಿತ್ತು. ತೆಂಗಿನಕಾಯಿ ತುರಿದದ್ದು ದಪ್ಪವಾಯಿತು, ಬಟ್ಟೆ ಹಿಂಡಿದ್ದು ಸಾಲದು, ಬಾಗಿಲು ಹಾಕಿದ್ದು ಜೋರಾಯಿತು. ಹನ್ನೊಂದು ವರ್ಷ ಕೇಳಿ ಕೇಳಿ ನನಗೆ ಅದು ರೇಡಿಯೊದ ಹಾಗೆ ಅಭ್ಯಾಸವಾಗಿ ಹೋಗಿತ್ತು.

ಆ ಮಾಂಯ್‌ಗೆ ಎದೆಯಲ್ಲಿ ಗಂಟು ಕಾಣಿಸಿತು. ಮಣಿಪಾಲದಲ್ಲಿ ಆಪರೇಷನ್. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತು ನಾನು ಅತ್ತದ್ದು ಅಷ್ಟಿಷ್ಟಲ್ಲ. ಕೊನೆಗೆ ಹೇಳಿಬಿಟ್ಟೆ: "ದೇವರೇ, ಇವರನ್ನು ನನಗೆ ವಾಪಸು ಕೊಡು. ಒಂದು ವರ್ಷ ನಿನ್ನ ಹೆಸರಿನಲ್ಲಿ ಯಾರು ಎಂತ ಕೇಳಿದರೂ ನಾನು 'ಆಗುವುದಿಲ್ಲ' ಎನ್ನುವುದಿಲ್ಲ."

ಇದು ದೊಡ್ಡ ಮಾತು. ಯಾಕೆಂದರೆ ಇಗರ್ಜಿಯಲ್ಲಿ ನನ್ನ ಹೆಸರೇ 'ಆಗುವುದಿಲ್ಲ ಟೀಚರ್'. ಹಬ್ಬದ ಊಟ ಬಡಿಸಲು ಕರೆದರೆ ಸೊಂಟ ನೋವು, ಭಾನುವಾರದ ಧರ್ಮೋಪದೇಶದ ಕ್ಲಾಸಿಗೆ ಕರೆದರೆ ಪೇಪರ್ ತಿದ್ದಲಿಕ್ಕುಂಟು.

ಆಪರೇಷನ್ ಚೆನ್ನಾಗಿಯೇ ಆಯಿತು. ಮುಂದೆ ಕೀಮೋ ಉಂಟು, ಒಂದು ವರ್ಷದ ನಂತರ ಚೆಕ್ ಮಾಡಿಯೇ ಹೇಳಬೇಕು ಎಂದರು ಡಾಕ್ಟರಮ್ಮ. ನಾನು ನನ್ನ ಹರಕೆಯ ವಿಷಯ ಒಬ್ಬರಿಗೆ ಮಾತ್ರ ಹೇಳಿದೆ, ಇಗರ್ಜಿಯ ಗಂಟೆ ಹೊಡೆಯುವ ಅಂಕಲ್‌ಗೆ. ಗಂಟೆ ಹೊಡೆಯುವವರಿಗೆ ಗುಟ್ಟು ಹೇಳಬಾರದು ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಬೀಗದೊಳಗಿನ ದೇವಮಾತೆ

ಮೊದಲು ಬಂದವರು ಫಾದರ್. "ಟೀಚರ್, ನಿಮ್ಮ ವಾರ್ಡಿಗೆ ಗುರಿಕಾರರು ಇಲ್ಲ. ದೇವರ ಹೆಸರಿನಲ್ಲಿ ಕೇಳುತ್ತಿದ್ದೇನೆ" ಎಂದರು. ಆ ಕೊನೆಯ ವಾಕ್ಯ ಹೇಳುವಾಗ ಅವರಿಗೆ ನಗು ತಡೆಯಲು ಆಗಲಿಲ್ಲ. ನಾನು ವಾರ್ಡಿನ ಯಜಮಾನಿಕೆ ಹೊತ್ತ ಗುರಿಕಾರ್ತಿಯಾದೆ. ಮೂವತ್ತು ಮನೆಗಳ ಪ್ರಾರ್ಥನೆ, ಮದುವೆ, ಸಾವು, ಜಗಳ ಎಲ್ಲ ನನ್ನ ತಲೆಗೆ ಬಂತು.

ಅಕ್ಟೋಬರ್ ತಿಂಗಳು ಜಪಮಾಲೆಯ ತಿಂಗಳು. ದೇವಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ವಾರ್ಡಿನವರೆಲ್ಲ ಆ ಮನೆಯಲ್ಲಿ ಸೇರಿ ಜಪ ಮಾಡಿ, ಪ್ರತಿಮೆಯನ್ನು ಮೆರವಣಿಗೆಯಲ್ಲಿ ಮುಂದಿನ ಮನೆಗೆ ಒಯ್ಯಬೇಕು. ನಾಲ್ಕನೆಯ ಸಂಜೆ ನಾವು ಹೋಗಿ ನೋಡುವಾಗ ಮನೆಗೆ ಬೀಗ! ಫೋನ್ ಮಾಡಿದೆ. ಹಿಂದಿನಿಂದ ಹಾಡು, ಗಲಾಟೆ ಕೇಳುತ್ತಿತ್ತು. "ಅಯ್ಯೋ ಟೀಚರ್, ನಾವು ಕಾರ್ಕಳದಲ್ಲಿ! ತಂಗಿಯ ಮಗುವಿನ ಜ್ಞಾನಸ್ನಾನ. ದೇವಮಾತೆ ಒಳಗೆ ಇದ್ದದ್ದು ಮರೆತೇ ಹೋಯಿತು."

ಮೂವತ್ತು ಜನ ಅಂಗಳದಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದೇವೆ. ಕಿಟಕಿಯ ಸರಳಿನ ಆಚೆ ಹಾಲ್‌ನಲ್ಲಿ ಸಣ್ಣ ನೀಲಿ ಬಲ್ಬಿನ ಬೆಳಕಿನಲ್ಲಿ ದೇವಮಾತೆ ನಮ್ಮನ್ನೇ ನೋಡುತ್ತಿದ್ದಾಳೆ. ಗುರಿಕಾರ್ತಿ ನಾನು, ತೀರ್ಮಾನ ಮಾಡಲೇಬೇಕು. "ಅವಳಿಗೆ ಹೊರಗೆ ಬರಲು ಆಗದಿದ್ದರೆ ನಾವು ಇಲ್ಲೇ ಮೊಣಕಾಲೂರುವ" ಎಂದೆ. ಶುರುವಾಯಿತು ಜಪ. ಮಣಿಗೊಮ್ಮೆ ನಾವು 'ನಮಾನ್ ಮರಿಯೆ' ಎಂದು ಮಾತೆಗೆ ನಮಿಸಿದಾಗಲೆಲ್ಲ ಆ ಮನೆಯ ನಾಯಿ ಬೊಗಳುತ್ತಿತ್ತು. ಐವತ್ತಮೂರು ಮಣಿಗಳಲ್ಲಿ ಒಂದನ್ನೂ ಬಿಡಲಿಲ್ಲ.

ಪಕ್ಕದ ಮನೆಯ ಶೆಟ್ಟಿ ಅಕ್ಕ ಗೋಡೆಯ ಮೇಲಿಂದ ಇಣುಕಿ ಎಲ್ಲವನ್ನೂ ನೋಡಿದರು. ಪಾಪ, ವಯಸ್ಸಾದವರಿಗೆ ನಾಲ್ಕು ಕುರ್ಚಿ ಕೊಟ್ಟು ಮೆಲ್ಲಗೆ ಕೇಳಿದರು: "ಎಂತ ಟೀಚರ್, ದೇವರನ್ನು ಒಳಗೆ ಹಾಕಿದ್ದು ಯಾರು? ಜಾಮೀನಿಗೆ ಇಷ್ಟು ಜನ ಬೇಕಾ?"

ಮನೆಗೆ ಬಂದು ಹೆದರುತ್ತಾ ಮಾಂಯ್‌ಗೆ ವರದಿ ಒಪ್ಪಿಸಿದೆ. ಹಿಂದಿನ ಮಾಂಯ್ ಆಗಿದ್ದರೆ ಒಂದು ವಾರದ ಪ್ರವಚನ ಖಂಡಿತ. ಆದರೆ ಅವರು ತಲೆಯ ಸ್ಕಾರ್ಫ್ ಸರಿಮಾಡಿಕೊಂಡು "ಪರವಾಗಿಲ್ಲ ಬಾಯೆ, ಪ್ರಾರ್ಥನೆ ಆಯಿತಲ್ಲ" ಎಂದರು, ಮಗಳನ್ನು ಕರೆದ ಹಾಗೆ. ಹನ್ನೊಂದು ವರ್ಷದಲ್ಲಿ ಈ 'ಪರವಾಗಿಲ್ಲ' ನಾನು ಕೇಳಿದವಳೇ ಅಲ್ಲ. ನನಗೆ ಆ ದಿನ ಊಟ ಸೇರಲಿಲ್ಲ.

ಕಾಪುವಿನ ಮದುವೆ

ಆಮೇಲೆ ಬಂದವರು ಗಾಯನ ಮಂಡಳಿಯ ಮಾಸ್ಟರು. ಡಿಸೆಂಬರ್, ಜನವರಿ ಮದುವೆಯ ಸೀಸನ್, ಹೆಂಗಸರ ಸ್ವರ ಕಡಿಮೆಯಾಗಿದೆ, ದೇವರ ಹೆಸರಿನಲ್ಲಿ ಬನ್ನಿ ಎಂದರು. ನನ್ನ ಸ್ವರ ಹೇಗುಂಟು ಎಂದು ಅವರು ವಿಚಾರಿಸಲಿಲ್ಲ. ನಾನಾಗಿ ಹೇಳಿದರೆ ಅದು 'ಆಗುವುದಿಲ್ಲ' ಎಂದ ಹಾಗೆಯೇ ಆಗುತ್ತದೆ ಎಂದು ನಾನೂ ಸುಮ್ಮನಾದೆ.

ಎರಡು ಭಾನುವಾರ ಹೇಗೋ ಸಾಗಿತು. ಮೂರನೆಯದು ಕಾಪುವಿನಲ್ಲಿ ಒಂದು ದೊಡ್ಡ ಮದುವೆ. ಒಳ್ಳೆಯ ಮೈಕು, ತುಂಬಿದ ಇಗರ್ಜಿ. ನನಗೆ ಎಲ್ಲಿಲ್ಲದ ಹುರುಪು! ಮಾಂಯ್‌ಗೆ ಗುಣವಾಗಲಿ ಎಂದು ಪೂರ್ತಿ ಎದೆ ಬಿಟ್ಟು ಹಾಡಿದೆ. ಮದುಮಗಳು ಒಳಗೆ ಬರುತ್ತಿದ್ದವಳು ಅರ್ಧದಲ್ಲಿ ನಿಂತು ನಾವು ಹಾಡುವ ಮೇಲಿನ ಅಟ್ಟ ನೋಡಿದಳು. ಕೀಬೋರ್ಡಿನವರು ನನ್ನನ್ನು ಹುಡುಕಿಕೊಂಡು ಮೂರು ಶ್ರುತಿ ಬದಲಿಸಿದರು, ಎಲ್ಲಿಯೂ ನಾನು ಸಿಗಲಿಲ್ಲ.

ಮರುದಿನ ಸಂಜೆ ಮಾಸ್ಟರು ಒಂದು ಡಬ್ಬಿ ಮದುವೆಯ ಕೇಕು ಹಿಡಿದುಕೊಂಡು ಮನೆಗೆ ಬಂದರು. ಕೇಕು ಮೇಜಿನ ಮೇಲಿಟ್ಟು ಕೈ ಜೋಡಿಸಿದರು. "ಟೀಚರ್, ದೇವರ ಹೆಸರಿನಲ್ಲಿ ಇನ್ನೊಂದು ಕೇಳಿಕೊಳ್ಳುತ್ತೇನೆ. ನೀವು ಆಗುವುದಿಲ್ಲ ಎನ್ನುವ ಹಾಗಿಲ್ಲ ಅಲ್ವಾ?"

"ಇಲ್ಲ ಮಾಸ್ಟರೇ, ಹೇಳಿ."

"ಇನ್ನು ಮುಂದೆ ಹಾಡಬೇಡಿ."

ಸೈಡ್ ಎಫೆಕ್ಟ್

ಇಷ್ಟೆಲ್ಲ ಆದರೂ ಮಾಂಯ್ ಬೈಯಲಿಲ್ಲ. ಹಾಲು ಉಕ್ಕಿ ಚೆಲ್ಲಿದರೂ ಇಲ್ಲ, ಅವರ ರೇಷ್ಮೆ ಸೀರೆಗೆ ನಾನು ಇಸ್ತ್ರಿಯ ಮುದ್ರೆ ಒತ್ತಿದರೂ ಇಲ್ಲ. ಎರಡು ತುಟಿ ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದರು, ಅಷ್ಟೇ. ನನಗೆ ಒಳಗೊಳಗೆ ಭಯ ಬೆಳೆಯಿತು. ಡಾಕ್ಟರಮ್ಮ ಇವರಿಗೆ ಗುಟ್ಟಿನಲ್ಲಿ ಏನೋ ಹೇಳಿದ್ದಾರೆ, ಹೋಗುವ ಮೊದಲು ಎಲ್ಲರ ಹತ್ತಿರ ಚೆನ್ನಾಗಿರುವ ಎಂದು ಇವರು ತೀರ್ಮಾನಿಸಿದ್ದಾರೆ ಎಂದೇ ನನಗೆ ಅನಿಸಿತು.

ದೋಹಾಕ್ಕೆ ಫೋನ್ ಮಾಡಿ ಗಂಡನಿಗೆ ಹೇಳಿದೆ. ಕೂದಲು ಉದುರಿತು ಎಂದಾಗ ಧೈರ್ಯ ಹೇಳಿದ ಮನುಷ್ಯ, ವಾಂತಿ ನಿಲ್ಲುವುದಿಲ್ಲ ಎಂದಾಗಲೂ ಧೈರ್ಯ ಹೇಳಿದ ಮನುಷ್ಯ, "ಅಮ್ಮ ಬೈಯುವುದಿಲ್ಲ" ಎಂದ ಕೂಡಲೇ "ನಾನು ರಜೆ ಹಾಕಿ ಬರುತ್ತೇನೆ" ಎಂದರು.

ಮುಂದಿನ ಸಲ ಮಣಿಪಾಲಕ್ಕೆ ಹೋದಾಗ ಮಾಂಯ್‌ಯನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಜ್ವರ ಉಂಟಾ, ನೋವು ಉಂಟಾ, ನಿದ್ದೆ ಬರುತ್ತದಾ ಎಂದು ಡಾಕ್ಟರಮ್ಮ ಕೇಳಿದರು. "ಅದೆಲ್ಲ ಸರಿ ಉಂಟು ಡಾಕ್ಟರ್. ಆದರೆ ಐದು ತಿಂಗಳಿಂದ ಅವರು ನನಗೆ ಒಂದು ಸಲವೂ ಬೈದಿಲ್ಲ" ಎಂದು ಅತ್ತೇಬಿಟ್ಟೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದರು. ಮತ್ತೆ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. "ಇದರಲ್ಲಿ ಯಾವ ಔಷಧಿಯಿಂದ ಹಾಗೆ ಆದದ್ದು ಎಂದು ನಿಮಗೇನಾದರೂ ಅಂದಾಜು ಉಂಟಾ? ನಮ್ಮತ್ತೆಯೂ ನಮ್ಮ ಜೊತೆಗೇ ಇರುವುದು."

ಬಂಗುಡೆ ಪ್ರಾಯಶ್ಚಿತ್ತ

ತಪಸ್ಸು ಕಾಲ ಬಂತು. ಈಸ್ಟರಿಗೆ ಮೊದಲಿನ ಆ ನಲವತ್ತು ದಿನ ನಮ್ಮ ಮಾಂಯ್ ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಮದುವೆಯಾದ ವರ್ಷದಿಂದ ನಡೆಸಿಕೊಂಡು ಬಂದ ವ್ರತ. ಕೀಮೋ ಮುಗಿದು ಅವರು ಒಣಗಿದ ಕಡ್ಡಿಯಾಗಿದ್ದರು. ದಿನಾ ಮೀನು, ಮೊಟ್ಟೆ ಕೊಡಲೇಬೇಕು ಎಂದು ಡಾಕ್ಟರಮ್ಮನ ಆಜ್ಞೆ. "ಕಷ್ಟ ಬಂತು ಎಂದು ದೇವರಿಗೆ ಕೊಟ್ಟ ಮಾತು ತಪ್ಪಿಸಲಿಕ್ಕಾಗುತ್ತದಾ?" ಎಂದು ಮಾಂಯ್ ಗಂಜಿಯ ತಟ್ಟೆ ಎಳೆದುಕೊಂಡರು. ನಾನು ಕೈ ಮುಗಿದೆ, ಕಾಲು ಹಿಡಿದೆ. ಅವರು ಬೈಯಲೂ ಇಲ್ಲ, ತಿನ್ನಲೂ ಇಲ್ಲ.

ಕೊನೆಗೆ ಫಾದರನ್ನು ಕರೆದುಕೊಂಡು ಬಂದೆ. ಅವರು ವಾದಕ್ಕೇ ಹೋಗಲಿಲ್ಲ. "ನಿಮಗೆ ಉಪವಾಸ ದೊಡ್ಡದಾ, ದೇವರ ಮಾತು ಕೇಳುವುದು ದೊಡ್ಡದಾ?" ಎಂದು ಕೇಳಿದರು.

"ಮಾತು ಕೇಳುವುದು ಫಾದರ್."

"ಹಾಗಾದರೆ ಈ ಸಲ ನಿಮ್ಮ ಪ್ರಾಯಶ್ಚಿತ್ತ ನಾನು ಹೇಳುತ್ತೇನೆ. ದಿನಕ್ಕೆ ಎರಡು ಬಂಗುಡೆ, ಒಂದು ಮೊಟ್ಟೆ. ನಲವತ್ತು ದಿನ. ಒಂದು ದಿನವೂ ತಪ್ಪಬಾರದು."

ಮಾಂಯ್ ಶಿಲುಬೆಯ ಗುರುತು ಮಾಡಿ ತುತ್ತು ಬಾಯಿಗಿಟ್ಟರು. ಕೀಮೋದಿಂದ ಅವರ ನಾಲಗೆಗೆ ಎಲ್ಲವೂ ತುಕ್ಕು ಹಿಡಿದ ಕಬ್ಬಿಣದ ರುಚಿ. ಪ್ರತಿ ತುತ್ತಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ನಲವತ್ತು ದಿನ ಮುಳ್ಳು ಮಾತ್ರ ಬಿಟ್ಟು ಎಲ್ಲ ಮುಗಿಸಿದರು. ಅವರ ಆ ಹಟ ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಬಾವಿಕಟ್ಟೆಯ ಹಿಂದೆ ಹೋಗಿ ಅತ್ತು ಬಂದೆ.

ತೊಂದರೆ ಆದದ್ದು ಊರಿಗೆ. ವಾರ್ಡಿನವರೆಲ್ಲ ಗಂಜಿ, ಉಪ್ಪಿನಕಾಯಿ ಎದುರಿಟ್ಟು ಕೂತಾಗ ನಮ್ಮ ಮನೆಯಿಂದ ಬಂಗುಡೆ ಹುರಿಯುವ ಪರಿಮಳ ಹೋಗುತ್ತಿತ್ತು. ಎರಡನೆಯ ವಾರಕ್ಕೆ ಆರು ಜನ ಫಾದರ ಹತ್ತಿರ ಹೋಗಿ, ತಾವೂ ದೊಡ್ಡ ಪಾಪಿಗಳು, ತಮಗೂ ಅದೇ ಪ್ರಾಯಶ್ಚಿತ್ತ ಬೇಕು ಎಂದು ಕೇಳಿಕೊಂಡರಂತೆ.

ಮಣಿಪಾಲದಿಂದ ಸಂತೆಕಟ್ಟೆಗೆ

ವರ್ಷ ತಿರುಗಿತು. ಚೆಕಪ್ಪಿನ ದಿನ ಬಂತು. ರಕ್ತ, ಸ್ಕ್ಯಾನು ಎಲ್ಲ ಆಗಿ ಡಾಕ್ಟರಮ್ಮನ ಎದುರು ಕೂತೆವು. ಅವರು ರಿಪೋರ್ಟು ನೋಡಿದರು, ಮಾಂಯ್‌ಯನ್ನು ನೋಡಿದರು, ನಕ್ಕರು. "ಎಲ್ಲ ಚೆನ್ನಾಗಿ ಉಂಟು ಅಮ್ಮಾ. ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು."

ನಾನು ಎದ್ದು ಡಾಕ್ಟರಮ್ಮನನ್ನೇ ತಬ್ಬಿಕೊಂಡೆ! ನರ್ಸಮ್ಮನನ್ನು ತಬ್ಬಿಕೊಂಡೆ! ಮಾಂಯ್ ಮಾತ್ರ ಕೈ ಜೋಡಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ಮತ್ತೆ ಏನೂ ಆಗದ ಹಾಗೆ ಎದ್ದರು. ಅಯ್ಯೋ, ಗುಣವಾದರೂ ಇವರ ಬಾಯಿ ವಾಪಸು ಬರಲಿಲ್ಲವಲ್ಲ ಎಂದು ನನಗೆ ಬೇಜಾರಾಯಿತು. ಬಸ್‌ಸ್ಟಾಪಿನಲ್ಲಿ ಅವರು ಮೆಲ್ಲಗೆ ಕೇಳಿದರು: "ಬಾಯೆ, ಕಳೆದ ವರ್ಷ ಆಪರೇಷನ್ ಆದದ್ದು ನಿನ್ನೆಯ ತಾರೀಕಿಗೆ ಅಲ್ವಾ?"

"ಹೌದು ಮಾಂಯ್."

"ಹಾಗಾದರೆ ಮುಗಿಯಿತು."

ನಾನು ಅವರ ಕೈ ಹಿಡಿದುಕೊಂಡೆ. "ಎಂತ ಮುಗಿಯಿತು ಮಾಂಯ್?"

"ನನ್ನ ಹರಕೆ. ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಡುವ ಮೊದಲು ದೇವರಿಗೆ ಹೇಳಿದ್ದೆ, ಎದ್ದು ಬಂದರೆ ಒಂದು ವರ್ಷ ಈ ಹುಡುಗಿಗೆ ಒಂದು ಮಾತೂ ಬೈಯುವುದಿಲ್ಲ ಎಂದು. ಕೀಮೋ ಎಲ್ಲ ಎಂತದ್ದೂ ಅಲ್ಲ ಬಾಯೆ. ನಿನ್ನ ಸಾರು ಉಂಡು ಸುಮ್ಮನೆ ಕೂರುವುದು ಉಂಟಲ್ಲ, ಅದು ಶಿಲುಬೆ!"

ಅಷ್ಟರಲ್ಲಿ ಉಡುಪಿಯ ಬಸ್ಸು ಬಂತು. ನಾವು ಹತ್ತಿದೆವು, ಮಾಂಯ್ ಶುರುಮಾಡಿದರು. ಕ್ರಿಸ್ಮಸ್ಸಿಗೆ ನಾನು ಮಾಡಿದ ಇಡ್ಲಿಯಂಥ ಸಣ್ಣಾಗಳನ್ನು ಎಸೆದರೆ ಕಾಗೆ ಸಾಯುತ್ತಿತ್ತು. ಕಿವಿರು ಎತ್ತಿ ನೋಡದೆ ಮೀನು ತರುವವಳು ನಾನೊಬ್ಬಳೇ. ಹುಣಸೆ ಹಿಂಡಲು ಬಾರದವಳಿಗೆ ಟೀಚರ್ ಕೆಲಸ ಕೊಟ್ಟವರು ಯಾರು? ಒಣಮೆಣಸು ಬಿಸಿಲಿಗೆ ಹಾಕಿ ಮಳೆ ಬರುವಾಗ ಮೊಬೈಲ್ ನೋಡುತ್ತಾ ಕೂತದ್ದು ಅವರು ನೋಡಲಿಲ್ಲ ಎಂದು ನಾನು ತಿಳಿದುಕೊಂಡೆನಾ? ಎಲ್ಲವೂ ತಿಂಗಳ ಪ್ರಕಾರ, ಒಂದೂ ಬಿಡದೆ! ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಜನವರಿ ನಡೆಯುತ್ತಿತ್ತು. ಬನ್ನಂಜೆ ದಾಟುವಾಗ ಮೇ ತಿಂಗಳು. ಕಂಡಕ್ಟರ್ ನಮ್ಮ ಹತ್ತಿರ ಟಿಕೆಟ್ ಕೇಳಲು ಎರಡು ಸಲ ಬಂದು ಹೆದರಿ ವಾಪಸು ಹೋದ.

ಆ ಸ್ವರ! ಒಂದು ವರ್ಷ ನಾನು ಯಾವುದಕ್ಕಾಗಿ ಮೊಣಕಾಲೂರಿದ್ದೆನೋ ಅದೇ ಸ್ವರ. ನನ್ನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಎದುರು ಸೀಟಿನ ಹೆಂಗಸು ಇದನ್ನು ನೋಡಿ ತಡೆಯಲಾಗದೆ ತಿರುಗಿ, ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಅಯ್ಯೋ ಪಾಪ, ಅಳಬೇಡಿ. ಇಂಥ ಅತ್ತೆಯನ್ನು ಹೇಗೆ ಸಹಿಸಿಕೊಳ್ಳುತ್ತೀರಿ ನೀವು?"

"ಸಹಿಸಿಕೊಳ್ಳುವುದೆಂತ ಮಾರಾಯ್ರೇ!" ಎಂದೆ ನಾನು, ಇಡೀ ಬಸ್ಸಿಗೆ ಕೇಳುವ ಹಾಗೆ. "ಹರಕೆ ಹೊತ್ತು ಪಡೆದದ್ದು!"