ಹಿಪ್ಪುನೇರಳೆ ತೋಟಕ್ಕೆ ಹರಳೆಣ್ಣೆ ಎರಚಿದ ಸೈಲೆನ್ಸರ್ ಅವರಿಗೆ

ಬೈರಮಂಗಲ, ಆಗಸ್ಟ್ 2007

ನೆಲದ ಮೇಲೆ ನಿಂತು ರೇಡಿಯೊ ರಿಮೋಟಿನಿಂದ ಹಾರಿಸುವ ನನ್ನ ಪುಟ್ಟ ವಿಮಾನದ ಬಲಮಗ್ಗುಲಲ್ಲಿ ಎರಡು ಸ್ಕ್ರೂಗಳ ಆಧಾರದಿಂದ ವಿರಾಜಮಾನರಾಗಿರುವ ಮಾನ್ಯ ಸೈಲೆನ್ಸರ್ ಅವರೇ,

ಬಿಡದಿಯ ಕಾರ್ಖಾನೆಯಲ್ಲಿ ಹಗಲೆಲ್ಲ ನಟ್ಟು ಬಿಗಿದು, ಮನೆಗೆ ಬಂದು ಮತ್ತೆ ತಮ್ಮ ಸೇವೆಗೆ ಕೂರುವ ಅನಂತರಾಜು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಪ್ರತಿ ಹಾರಾಟದ ನಂತರ ಹಳೆಯ ಪಂಚೆಯಿಂದ ತಮ್ಮನ್ನು ಒರೆಸಿ, ಎಂಜಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು, ಸಡಿಲವಾದ ಸ್ಕ್ರೂ ಬಿಗಿದು ಪೆಟ್ಟಿಗೆಯಲ್ಲಿ ಮಲಗಿಸುವವನು ನಾನೇ. ಅದೇ ಎರಡು ಹನಿಯನ್ನು ರೇಷ್ಮೆ ಸಾಕುವ ಹುಳುಮನೆಯ ಕಿರುಗುಟ್ಟುವ ಬಾಗಿಲಿಗೆ ಬಿಡಿ ಎಂದು ಹೆಂಡತಿ ಅಂಬುಜಮ್ಮ ಎರಡು ವರ್ಷದಿಂದ ಹೇಳುತ್ತಿದ್ದರೂ ನನಗೆ ಬಿಡುವಾಗಿರಲಿಲ್ಲ.

ತಮ್ಮ ಹೊಟ್ಟೆಯೊಳಗೆ ಹೊಗೆಯನ್ನೂ ಸದ್ದನ್ನೂ ತಡೆಯುವ ತಡೆತಟ್ಟೆಯನ್ನು ಕಿತ್ತರೆ ವಿಮಾನಕ್ಕೆ ಬಲ ಹೆಚ್ಚುತ್ತದೆಂದು ನಂಬಿ ಕಿತ್ತವನು ನಾನು. ದೊಡ್ಡವರಾದ ತಾವು ತಡೆಯಬಹುದಿತ್ತು, ತಡೆಯಲಿಲ್ಲ. ಎಂಜಿನ್ ಸವೆಯದಿರಲೆಂದು ಇಂಧನದಲ್ಲಿ ಬೆರೆಸಿದ ಹರಳೆಣ್ಣೆಯನ್ನು ತಾವು ಹೊಗೆಯ ಜೊತೆ ಉಗುಳುವಾಗ ರೆಕ್ಕೆಗೆ ಮೆತ್ತಬಾರದೆಂದು, ರಬ್ಬರ್ ಕೊಳವೆ ಸಿಕ್ಕಿಸಿ ತಮ್ಮ ಬಾಯಿಯನ್ನು ನೆಲದ ಕಡೆ ತಿರುಗಿಸಿದವನೂ ನಾನೇ. ಬಿದ್ದರೂ ಮೆತ್ತಗೆ ಬೀಳಲೆಂದು ರಜೆಯ ವಾರವೆಲ್ಲ ನಮ್ಮ ಹಿಪ್ಪುನೇರಳೆ ತೋಟದ ಮೇಲೆಯೇ, ಗಿಡಕ್ಕೆ ತಾಗುವಷ್ಟು ಕೆಳಗೆ, ಹಾರಿಸಿದೆ. ರೆಕ್ಕೆ ಹೊಳೆಯುತ್ತಿತ್ತು. ಕೆಳಗಿನ ಎಲೆಯೂ ಹೊಳೆಯುತ್ತಿತ್ತೆಂಬುದನ್ನು ಮಾತ್ರ ನಾನು ಗಮನಿಸಲಿಲ್ಲ.

ಆಗ ಅಂಬುಜಮ್ಮನ ರೇಷ್ಮೆಹುಳುಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರ ಕಳೆದು ಎದ್ದು, ಗೂಡು ಕಟ್ಟುವ ಮೊದಲಿನ ದೊಡ್ಡ ಹಸಿವಿನಲ್ಲಿದ್ದವು. ಬೀಡಿ ಸೇದಿದವರನ್ನು ಹುಳುಮನೆಯ ಹೊಸ್ತಿಲಲ್ಲೇ ನಿಲ್ಲಿಸುವ ಅವಳು ಒಂದು ಎಲೆ ಕಿತ್ತು ಮೂಸಿ, "ಸೊಪ್ಪೆಲ್ಲ ಹರಳೆಣ್ಣೆ ನಾತ ಹೊಡೀತೈತೆ. ಇದನ್ನ ಹುಳ ಮುಟ್ತವಾ?" ಎಂದಳು. ಕಾರ್ಖಾನೆಯ ಬುದ್ಧಿ ಎಲ್ಲಿ ಹೋದೀತು? ಎಣ್ಣೆಗೆ ಸೋಪಿನ ಪುಡಿಯೇ ಮದ್ದು ಎಂದುಕೊಂಡು ಒಂದು ಹೊರೆ ಸೊಪ್ಪನ್ನು ತೊಟ್ಟಿಯಲ್ಲಿ ಒಗೆದು, ಹಿಂಡಿ, ಬಟ್ಟೆಯ ಹಗ್ಗದ ಮೇಲೆ ಹರವಿದೆ. ಸೋಪು ಹತ್ತಿದ ಆ ಸೊಪ್ಪೂ ಹುಳುಗಳಿಗೆ ಆಗದು. ಅವಳು ಬಯ್ಯಲಿಲ್ಲ, ಹುಳುಮನೆಗೆ ಕರೆದೊಯ್ದು ತೋರಿಸಿದಳು. ಸಾವಿರಾರು ಹುಳುಗಳು ಖಾಲಿ ತಟ್ಟೆಯಲ್ಲಿ ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಕೊನೆಗೆ ಗೂಡು ಕಟ್ಟುವವರೆಗೂ ಪಕ್ಕದೂರಿನ ಮುನಿತಾಯಮ್ಮನವರ ತೋಟದಿಂದ ಬೈಕಿನಲ್ಲಿ ಸೊಪ್ಪು ಹೊತ್ತೆ. "ನಿಮ್ ಇಮಾನ ನಮ್ ತೋಟದ್ ಕಡೆ ಬರಕ್ಕಿಲ್ಲ ತಾನೆ ಅನಂತಣ್ಣ?" ಎಂದು ಕೇಳಿ, ಇಲ್ಲವೆಂದು ಆಣೆ ಮಾಡಿಸಿಕೊಂಡೇ ಆಕೆ ಕುಡುಗೋಲು ಕೊಟ್ಟರು.

ಆದ್ದರಿಂದ ಮಹನೀಯರಾದ ತಾವು ಇನ್ನು ಮೇಲೆ ಹೊಗೆಯನ್ನು ಒಳಗೇ ನುಂಗಿಕೊಂಡು, ಹರಳೆಣ್ಣೆಯನ್ನು ತಂಪಿಗಾಗಿ ನೇರ ನನ್ನ ನೆತ್ತಿಗೇ ಹನಿಸಬೇಕೆಂದೂ, ನಾನು ಸ್ಕ್ರೂಡ್ರೈವರ್ ಹಿಡಿದು ಹೊಸ ಉಪಾಯದೊಂದಿಗೆ ಬಂದಾಗ ಯಾವ ಸ್ಕ್ರೂವೂ ತಿರುಗದಂತೆ ಅಪ್ಪಣೆ ಕೊಡಬೇಕೆಂದೂ ಕೈಮುಗಿದು ಕೋರುತ್ತೇನೆ.

ಕಿತ್ತೆಸೆದ ತಡೆತಟ್ಟೆಗಾಗಿ ತಿಪ್ಪೆಯಲ್ಲಿ ಹುಡುಕುತ್ತಿರುವ,
ತಮ್ಮ ವಿಶ್ವಾಸಿ,
ಅನಂತರಾಜು

ವಿ.ಸೂ.: ಹುಳುಗಳು ಉಳಿದವು, ಗೂಡು ಕಟ್ಟಿದವು. ಗೂಡು ಬಿಡಿಸಿ ಹುಳುಮನೆ ಖಾಲಿಯಾದ ದಿನ ಅಂಬುಜಮ್ಮ ತಮ್ಮನ್ನು ವಿಮಾನದಿಂದ ಬಿಚ್ಚಿ, ಹೊಟ್ಟೆಯಲ್ಲಿ ಉಳಿದಿದ್ದ ಎರಡು ಹನಿ ಎಣ್ಣೆಯನ್ನು ಬಾಗಿಲಿಗೆ ಬಗ್ಗಿಸಿದಳು. ಎರಡು ವರ್ಷದ ಕಿರುಗುಟ್ಟುವಿಕೆ ಅಲ್ಲಿಗೆ ನಿಂತಿತು. ಸದ್ದಡಗಿಸುವ ತಮ್ಮ ಕೆಲಸವನ್ನು ತಾವು ತಡವಾಗಿಯಾದರೂ ಮಾಡಿದಿರಿ. ನನ್ನ ಕೆಲಸವನ್ನು ಮಾತ್ರ ಅವಳೇ ಮಾಡಬೇಕಾಯಿತು.