ದೆವ್ವದ ಮನೆಗೆ ದೇವಿ ಬೋರ್ಡು

ಹೆಸರು ಬದಲಾಯಿಸಿದರೆ ಹಣೆಬರಹವೂ ಬದಲಾಗುತ್ತದೆ ಎಂದು ನಂಬಿದ ಮಾಲೀಕರ ಕೈಕೆಳಗೆ ಕೆಲಸ ಮಾಡಿದವನು ತಮಾಷೆ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಟಿಕೆಟ್ ಕಿಟಕಿಗೆ ಬಂದು ನಿಲ್ಲುತ್ತದೆ. ನಾನು ಊರೂರು ತಿರುಗುವ ಒಂದು ಎಕ್ಸಿಬಿಷನ್‌ನಲ್ಲಿ ಟಿಕೆಟ್ ಹರಿಯುತ್ತಿದ್ದೆ, ಮೈಕಿನಲ್ಲಿ ಕೂಗುತ್ತಿದ್ದೆ. ಪುಟಾಣಿ ರೈಲು, ದೊಡ್ಡ ತೊಟ್ಟಿಲು, ದೆವ್ವದ ಮನೆ, ಇಷ್ಟೇ ನಮ್ಮ ಆಸ್ತಿ. ಕಾಲುವೆ ನೀರು ಬಂದು ಹೊಲದಲ್ಲಿ ಭತ್ತ, ಮನೆಯಲ್ಲಿ ಕಲರ್ ಟಿವಿ ಬಂದ ಕಾಲ ಅದು. ಜನ ನಮ್ಮ ಕಡೆ ತಿರುಗಿ ನೋಡುವುದೇ ಕಡಿಮೆಯಾಯಿತು. ಒಂದು ದಿನ ನಮ್ಮ ಸಾವಕಾರ್ರು ಪೇಂಟರನನ್ನು ಕರೆಸಿ, "ಯಾವ ಸಿನಿಮಾ ಓಡ್ತದೋ ಅದರ ಹೆಸರು ಬರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸುರಪುರದ ಕ್ಯಾಂಪ್ ಮುಗಿಯೂತನಕ ನೋಡ್ತೀನಿ. ದೆವ್ವದ ಮನಿಗಿ ಮಂದಿ ಬರಲಿಲ್ಲಂದ್ರ ಕಿತ್ತಿ ಗುಜರಿಗಿ ಹಾಕ್ತೀನಿ" ಎಂದರು.

ಆ ಮನೆಯ ದೆವ್ವ ನಮ್ಮ ಅಕ್ಕ. ಹಾಗೆ ನಾವೆಲ್ಲ ಕರೆಯುತ್ತಿದ್ದೆವು. ಸಂಜೆ ಮುಖಕ್ಕೆ ಪೌಡರ್ ಬಳಿದುಕೊಂಡು ಚೀರುತ್ತಿದ್ದಳು, ಹಗಲು ನಮಗೆ ರೊಟ್ಟಿ ಬಡಿಯುತ್ತಿದ್ದಳು. ಸಂಬಳ ಚೀರುವುದಕ್ಕೆ, ರೊಟ್ಟಿ ಪ್ರೀತಿಗೆ. ಹಿಂದೆ ಮುಂದೆ ಯಾರೂ ಇಲ್ಲದ ಅವಳು ಮಲಗುತ್ತಿದ್ದುದೂ ಅಲ್ಲೇ.

೧. ಯಾದಗಿರಿಯ ದರೋಡೆ

ಆಗ ಡಕಾಯಿತನೊಬ್ಬನ ಸಿನಿಮಾ ಓಡುತ್ತಿತ್ತು. ಉಳ್ಳವರನ್ನು ದೋಚಿ ಬಡವರಿಗೆ ಹಂಚುವ ಡಕಾಯಿತ. ಯಾದಗಿರಿಯಲ್ಲಿ ಪುಟಾಣಿ ರೈಲಿಗೆ ಅವನ ಹೆಸರು ಬಿತ್ತು. ರೈಲು ಎರಡು ಸುತ್ತು ಹಾಕಿದ ಮೇಲೆ ನಮ್ಮ ಎಲೆಕ್ಟ್ರಿಷಿಯನ್ ಮೀಸೆ ಅಂಟಿಸಿಕೊಂಡು, ಆಟಿಕೆ ಬಂದೂಕು ಹಿಡಿದು ಜಿಗಿಯಬೇಕು.

ಜಿಗಿದ. "ಯಾರೂ ಅಳ್ಳಾಡಬ್ಯಾಡ್ರಿ!" ಎಂದು ಗುಡುಗಿದ. ಸೈದಾಪುರದಿಂದ ಬಂದ ಹೆಂಗಸೊಬ್ಬಳು ಸೆರಗು ಒಡ್ಡಿದಳು.

"ದೋಚೂದು ಆಮ್ಯಾಲ ದೋಚಪ್ಪ. ಮೊದಲ ಹಂಚೂದು ಹಂಚು. ನಾವು ಬಡವ್ರು."

ಹಿಂದಿನ ಡಬ್ಬಿಯವರೂ ಇಳಿದು ಬಂದು ಸುತ್ತುಗಟ್ಟಿದರು.

"ಯಕ್ಕಾರ, ನಾನೂ ಬಡವನೇ ರೀ!" ಎಂದು ಇವನು ಗೋಗರೆದ.

"ಮತ್ತ ಡಕಾಯಿತ ಯಾಕಾದಿ? ಜೇಬು ತೋರ್ಸು!"

ರೈಲು ಮತ್ತೆ ಹೊರಡುವಷ್ಟರಲ್ಲಿ ಅವನ ಟವೆಲು, ಬಂದೂಕು, ಶೇಂಗಾ ಪೊಟ್ಟಣ ಎಲ್ಲ ಹಂಚಿಹೋಗಿದ್ದವು. ಮೀಸೆ ಒಂದು ಕೂಸಿನ ತುಟಿಯ ಮೇಲಿತ್ತು.

೨. ಶಹಾಪುರದ ತೊಟ್ಟಿಲು

ಶಹಾಪುರದಲ್ಲಿ ತೊಟ್ಟಿಲಿಗೆ ಒಂದು ಪ್ರೇಮದ ಸಿನಿಮಾದ ಹೆಸರು. ಸಾವಕಾರ್ರು ಅದನ್ನು ಮಧ್ಯಂತರದವರೆಗೆ ಮಾತ್ರ ನೋಡಿ ಎದ್ದು ಬಂದಿದ್ದರು. ಹೊಸ ಮದುವೆಯ ಜೋಡಿಯೊಂದು ಅತ್ತೆ ಮಾವನ ಸಮೇತ ಬಂತು. ಬೋರ್ಡು ಓದಿದ್ದೇ ಅತ್ತೆ ಸೊಸೆಯ ರಟ್ಟೆ ಹಿಡಿದು ಎಳೆದಳು.

"ಈ ತೊಟ್ಟಿಲದಾಗ ನನ್ನ ಮಗನ ಜೋಡಿ ಕುಂದರಬ್ಯಾಡ! ಆ ಸಿನಿಮಾದಾಗ ಕಡೀಕ ಗಂಡ ಹೆಂಡ್ತಿ ಅಗಲ್ತಾರ."

ಬರೀ ಬೋರ್ಡು ರೀ, ಏನೂ ಆಗುವುದಿಲ್ಲ ಎಂದು ನಾನು ಬಿನ್ನವಿಸಿದೆ. ಹಿಂದೆ ಸಾಲಿನಲ್ಲಿದ್ದ ಜೋಡಿಗಳೂ ಗುಸುಗುಸು ಎನ್ನುತ್ತ ಚದುರತೊಡಗಿದವು. ಅಷ್ಟರಲ್ಲಿ ಮಾವ ಕಿಟಕಿಗೆ ಬಂದು ಮೆಲ್ಲಗೆ ಕೇಳಿದರು.

"ಅಗಲೂದು ಗ್ಯಾರಂಟೀನಾ? ಹಂಗಾರ ನನಗೂ ಈಕಿಗೂ ಎರಡು ಟಿಕೇಟ್ ಕೊಡಪ್ಪ."

೩. ಸುರಪುರದ ದೇವಿ

ಸುರಪುರಕ್ಕೆ ಬರುವಷ್ಟರಲ್ಲಿ ದೇವಿಯ ಸಿನಿಮಾವೊಂದು ಬಂದಿತ್ತು. ಟಾಕೀಸಿನಲ್ಲೇ ಜನ ಚಪ್ಪಲಿ ಬಿಟ್ಟು ಪರದೆಗೆ ಆರತಿ ಬೆಳಗುತ್ತಿದ್ದರು. ಸಾವಕಾರ್ರಿಗೆ ಅಷ್ಟು ಸಾಕಾಯಿತು. ದೆವ್ವದ ಮನೆಗೆ ಆ ಸಿನಿಮಾದ ಹೆಸರು, ಅಕ್ಕನಿಗೆ ಹಸಿರು ಸೀರೆ, ತಗಡಿನ ಕಿರೀಟ. "ಚೀರಬ್ಯಾಡ, ಕೈ ಎತ್ತಿ ಸುಮ್ಮನ ನಿಂದ್ರು" ಎಂದು ತಾಕೀತು ಮಾಡಿದರು. ಒಳಗಿದ್ದ ಅಸ್ಥಿಪಂಜರ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಮೊದಲ ಗುಂಪು ಒಳಗೆ ಹೋಯಿತು. ಇಷ್ಟು ವರ್ಷದ ರೂಢಿ ಬಿಡುತ್ತದೆಯೇ? ಬಾಗಿಲು ಕಿರ್ರೆಂದದ್ದೇ ತಡ, ಅಕ್ಕ ಕೂದಲು ಕೆದರಿ ಕಿಟಾರನೆ ಚೀರಿದಳು. ಮುಗಿಯಿತು ಇವಳ ಕೆಲಸ ಅಂದುಕೊಂಡೆ. ಆದರೆ ಒಳಗಿನಿಂದ ಬಂದ ಕೂಗೇ ಬೇರೆ.

"ತಾಯಿ ಮೈಮ್ಯಾಲ ಬಂದಾಳ! ಕಾಯಿ ತರ್ರಿ!"

ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಹೆಂಗಸರು ಅಕ್ಕನಿಗೆ ಉಡಿ ತುಂಬಿದರು. ಒಬ್ಬ ಮುದುಕಿ ಅಸ್ಥಿಪಂಜರಕ್ಕೂ ಬಾಳೆಹಣ್ಣು ಇಟ್ಟು, "ಪಾಪ, ಎಷ್ಟ ಉಪಾಸ ಮಾಡ್ಯಾನ" ಎಂದು ಕೈಮುಗಿದಳು. ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರು, "ತಾಯಿ, ನಮ್ಮ ತನಕ ನೀರು ಯಾವಾಗ ಬರ್ತದ?" ಎಂದು ಕೇಳಿದರು. ಅಕ್ಕ ಗಾಬರಿಯಲ್ಲಿ, "ಬರ್ತದ, ಬರ್ತದ" ಎಂದಳು. ಅವರ ಹಿಂದೆಯೇ ಕಾಲುವೆಯ ಗೇಟು ಎತ್ತಿ ಇಳಿಸುವವನೂ ಬರಿಗಾಲಲ್ಲಿ ಬಂದು ನಿಂತ.

"ತಾಯಿ, ಗೇಟಿನ ಕೀಲಿ ನನ್ನ ಕಡೀನೇ ಅದ. ಯಾವಾಗ ಎತ್ತಬೇಕಂತ ನನಗ ಯಾರೂ ಹೇಳವಲ್ರು. ನೀನರ ಹೇಳು!"

ಮಂದಿಯೇನೋ ಬಂದರು, ಆದರೆ ಮೊದಲ ಗುಂಪಿನ ನಂತರ ಒಬ್ಬರೂ ಟಿಕೆಟ್ ಕೊಳ್ಳಲಿಲ್ಲ. "ಗುಡಿಗಿ ಯಾರರ ಟಿಕೇಟ್ ತೊಗೊಂತಾರೇನು?" ಎಂದು ನನ್ನನ್ನೇ ಗದರಿಸಿದರು. ಸಾವಕಾರ್ರು ಕೆಂಡವಾದರು. "ಇವತ್ತೇ ಕಿತ್ತಿ ಒಗೀತೀನಿ" ಎನ್ನುತ್ತ ನುಗ್ಗಿದರು. ಬಾಗಿಲಲ್ಲಿ ಹೆಂಗಸರು ತಡೆದು, "ಚಪ್ಪಲಿ ಬಿಡ್ರಿ" ಎಂದರು. ಬಿಟ್ಟರು. ಹಿಂದೆಯೇ ನಾನೂ ಓಡಿದೆ.

ಅವರನ್ನು ಕಂಡು ಅಕ್ಕನ ಎತ್ತಿದ ಕೈ ನಡುಗಿತು. ಅದು ಕೆಲಸ ಹೋಗುವ ಭಯ ಎಂದು ನನಗೆ ಗೊತ್ತು, ಜನಕ್ಕೆ ಅದೂ ದೇವಿಯ ಆವೇಶ. ಆವರೆಗೆ ಅವರೆದುರು ತಲೆ ಎತ್ತದ ಅಕ್ಕ ಇನ್ನೊಮ್ಮೆ ಚೀರಿ ಕೇಳಿದಳು.

"ಈ ಮನಿ ಕಿತ್ತಿ ಒಗೀತೀಯೇನೋ?"

ಇಡೀ ಗುಂಪು ಸಾವಕಾರ್ರ ಕಡೆ ತಿರುಗಿತು.

"ಇ... ಇಲ್ಲ ತಾಯಿ."

"ನನ್ನ ಹೊರಗ ಹಾಕ್ತೀಯೇನೋ?"

"ಜೀವ ಇರೂತನಕ ಇಲ್ಲ ತಾಯಿ!"

ಅಕ್ಕ ಜನರತ್ತ ಬೆರಳು ತೋರಿಸಿದಳು. "ಹೊರಗ ಕಿಟಕ್ಯಾಗ ಚೀಟಿ ಕೊಡ್ತಾರ. ಚೀಟಿ ಇಲ್ದ ನನ್ನ ಬಾಗಲ ದಾಟಬ್ಯಾಡ್ರಿ!"

ಜನ ಓಡಿದ ರಭಸಕ್ಕೆ ನನ್ನ ಟಿಕೆಟ್ ಕಿಟಕಿಯೇ ಕಿತ್ತು ಬಂತು. ನನಗೆ ನಗುವೂ ಬಂತು, ಖುಷಿಗೆ ಕಣ್ಣಲ್ಲಿ ನೀರೂ ಬಂತು.

ಸಾವಕಾರ್ರು ಬೆವರೊರೆಸಿಕೊಳ್ಳುತ್ತ ಹೊರಬಂದರು. "ಒಳಗಿದ್ದಾಕಿ ನಮ್ಮ ಅಕ್ಕ ಅಲ್ಲೇನ್ರಿ? ನೀವೂ ತಾಯಿ ಅಂದ್ರಲ್ಲ!" ಎಂದೆ.

"ಬೋರ್ಡು ಬರ್ಸಿದಾವ ನಾನೇ ಖರೆ. ಆದ್ರ ಒಳಗ ಹೋದ ಮ್ಯಾಲ ನನಗೂ ತಿಳೀವಲ್ದು. ಅದು ದೆವ್ವದ ಮನಿಯೋ, ಸಿನಿಮಾವೋ, ಗುಡಿಯೋ?"

ಹಾಗೆನ್ನುತ್ತಲೇ ಬಾಗಿಲ ಬಳಿ ಬಗ್ಗಿ ಹುಡುಕತೊಡಗಿದರು. ರಾಶಿ ಕೆದಕಿದರು, ಸುತ್ತ ತಿರುಗಿದರು. ಅವರ ಹೊಸ ಚಪ್ಪಲಿ ಎಲ್ಲೂ ಇರಲಿಲ್ಲ.

"ಗುಡೀನೇ ರೀ, ಸಾವಕಾರ್ರ" ಎಂದೆ.